ಬಾದಾಮಿ ಸುತ್ತಿಗೆ ಹತ್ತೊಂಬತ್ತು ಯೂನಿಟ್

ಬಾಗಲಕೋಟೆಯ ನವನಗರದಿಂದ ಹೊರಟು ಬಾದಾಮಿಯ ಮೇಣಬಸದಿ ಹತ್ತಿಳಿದು, ಪಟ್ಟದಕಲ್ಲು, ಐಹೊಳೆ ನೋಡಿ, ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು, ಹುನಗುಂದ ದಾಟಿ ಇಳಕಲ್ ಮುಟ್ಟಿದರೆ ಸುಮಾರು 130 ಕಿ.ಮೀ. ಆಗುತ್ತದೆ. ಹದವಾಗಿ ಓಡಿಸಿದರೆ ಎಲೆಕ್ಟ್ರಿಕ್ ಕಾರು ಒಂದು ಯೂನಿಟ್ ಕರೆಂಟಿಗೆ ಏಳು ಕಿ.ಮೀ. ಹೋಗುತ್ತದೆ. ಆ ಲೆಕ್ಕಕ್ಕೆ ಚಾಲುಕ್ಯರ ನಾಡಿನ ಇಡೀ ಸುತ್ತಿಗೆ ಹತ್ತೊಂಬತ್ತು ಯೂನಿಟ್ ಸಾಕು. 25 ಯೂನಿಟ್ ಬ್ಯಾಟರಿಯ ಟಾಟಾ ಪಂಚ್ ಇವಿ ಕೂಡ ಒಂದೇ ಚಾರ್ಜಿನಲ್ಲಿ ಇದನ್ನು ಮುಗಿಸಬಲ್ಲದು.

ಆದರೂ ಬೆಂಗಳೂರಿನ ಕುಟುಂಬವೊಂದು ಇವಿಯಲ್ಲಿ ಬಾದಾಮಿಗೆ ಹೋಗೋಣವೆಂದರೆ ಮನೆಯಲ್ಲಿ ಮೊದಲು ಏಳುವ ಮಾತು ‘ನಡುದಾರಿಯಲ್ಲಿ ನಿಂತರೆ?’ ಎಂಬುದೇ. ಈ ಅಂಜಿಕೆಗೆ ಕಾರಣ ಅಲ್ಲಿಗೆ ಬರುವ ನಾನೂರು ಕಿ.ಮೀ. ಮೀರಿದ ಹಾದಿ.

ಆ ಹಾದಿಯನ್ನು ತುಂಡು ಮಾಡಿ ನೋಡಬೇಕು. ಬೆಂಗಳೂರಿನಿಂದ ಚಿತ್ರದುರ್ಗ 200 ಕಿ.ಮೀ. ಅಲ್ಲಿ ಪುಣೆ ಹೆದ್ದಾರಿ ಬಿಟ್ಟು ರಾಷ್ಟ್ರೀಯ ಹೆದ್ದಾರಿ 50 ಹಿಡಿದರೆ ಹೊಸಪೇಟೆ ಇನ್ನೊಂದು 140. ಮುಂದೆ ತುಂಗಭದ್ರೆ ದಾಟಿ ಕುಷ್ಟಗಿ, ಇಳಕಲ್, ಹುನಗುಂದ. 45 ಯೂನಿಟ್ ಬ್ಯಾಟರಿಯ ನೆಕ್ಸಾನ್ ಇವಿ ಪೂರ್ತಿ ಚಾರ್ಜ್ ಆಗಿ ಬೆಳಗಿನ ಜಾವ ಬೆಂಗಳೂರು ಬಿಟ್ಟರೆ ಚಿತ್ರದುರ್ಗದಲ್ಲಿ ಶೇ 35ರ ಆಸುಪಾಸಿನಲ್ಲಿರುತ್ತದೆ. ತಿಂಡಿ, ಕಾಫಿ ಮುಗಿಯುವಷ್ಟರಲ್ಲಿ ಫಾಸ್ಟ್ ಚಾರ್ಜರ್ ಅದನ್ನು ಶೇ 80ಕ್ಕೆ ತರುತ್ತದೆ. ಹೊಸಪೇಟೆಯಲ್ಲಿ ಊಟದ ಹೊತ್ತಿಗೆ ಇನ್ನೊಮ್ಮೆ. ಅಲ್ಲಿಂದ ಬಾದಾಮಿಗೆ ಉಳಿಯುವುದು ಸುಮಾರು 150 ಕಿ.ಮೀ. ಮಾತ್ರ. ಎರಡೂ ನಿಲುಗಡೆ ಮಕ್ಕಳು, ಹಿರಿಯರು ಜೊತೆಗಿದ್ದಾಗ ಪೆಟ್ರೋಲ್ ಕಾರಿನವರೂ ನಿಲ್ಲುವಂಥವೇ.

ಶೇ 100 ಆಗುವವರೆಗೆ ಕಾಯುವುದು ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು. ಶೇ 80 ದಾಟಿದ ಮೇಲೆ ಬ್ಯಾಟರಿ ತನ್ನನ್ನು ತಾನು ಕಾಪಾಡಿಕೊಳ್ಳಲು ಕರೆಂಟನ್ನು ನಿಧಾನಕ್ಕೆ ಎಳೆದುಕೊಳ್ಳುತ್ತದೆ. ಕೊನೆಯ ಶೇ 20ಕ್ಕೆ ಹಿಡಿಯುವ ಹೊತ್ತಿನಲ್ಲಿ ಇನ್ನೊಂದು ಊರು ಸೇರಬಹುದು, ಹಿಂದೆ ಕಾದು ನಿಂತವರಿಗೂ ಜಾಗವಾಗುತ್ತದೆ.

ಕಂಪನಿ ಹೇಳುವ ಅಂಕಿಯನ್ನು ನೆಚ್ಚಿ ಹೊರಡಬಾರದು. ಇದೇ ನೆಕ್ಸಾನ್‌ಗೆ ಪರೀಕ್ಷೆಯಲ್ಲಿ ಬಂದದ್ದು 489 ಕಿ.ಮೀ.; ಹೆದ್ದಾರಿಯಲ್ಲಿ ಅದರ ಮೂರರಲ್ಲಿ ಎರಡು ಪಾಲು ಎಂದಿಟ್ಟುಕೊಳ್ಳುವುದು ಕ್ಷೇಮ. ವೇಗ 80ರಿಂದ 100ಕ್ಕೆ ಏರಿದರೆ ಗಾಳಿಯ ತಡೆ ಒಂದೂವರೆ ಪಟ್ಟಾಗುತ್ತದೆ. ಈ ಸೀಮೆಯಲ್ಲಿ ಗಾಳಿಗೂ ಒಂದು ಲೆಕ್ಕವಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ಗಜೇಂದ್ರಗಡದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ಭರದಿಂದ ತಿರುಗಿಸುವ ಪಡುವಣ ಗಾಳಿ, ಹುನಗುಂದದಿಂದ ಬಾಗಲಕೋಟೆಗೆ ಹೋಗುವ ಕಾರಿಗೆ ನೇರ ಎದುರುಗಾಳಿ. ಮಳೆಗಾಲದಲ್ಲಿ ಆ ದಾರಿ ಹಿಡಿಯುವವರು ಒಂದಷ್ಟು ಚಾರ್ಜ್ ಹೆಚ್ಚಿಗೆ ಉಳಿಸಿಕೊಂಡಿರಬೇಕು.

ಇಂಧನ ಎಲ್ಲಿ ಸಿಗುತ್ತದೆ ಎಂಬ ಚಿಂತೆ ಕಾರಿನಷ್ಟೇ ಹಳೆಯದು. 1888ರ ಆಗಸ್ಟ್‌ನಲ್ಲಿ ಬರ್ತಾ ಬೆಂಜ್ ಎಂಬ ಮಹಿಳೆ ಇಬ್ಬರು ಮಕ್ಕಳೊಂದಿಗೆ ಗಂಡ ತಯಾರಿಸಿದ್ದ ಮೂರು ಗಾಲಿಯ ಗಾಡಿಯಲ್ಲಿ ಜರ್ಮನಿಯ ಮ್ಯಾನ್‌ಹೈಮ್‌ನಿಂದ ನೂರು ಕಿ.ಮೀ. ದೂರದ ಫೋರ್ಝೈಮ್‌ಗೆ ಹೊರಟಾಗ ಜಗತ್ತಿನಲ್ಲಿ ಒಂದೂ ಪೆಟ್ರೋಲ್ ಬಂಕ್ ಇರಲಿಲ್ಲ. ವೀಸ್ಲೋಖ್ ಎಂಬ ಊರಿನ ಔಷಧದ ಅಂಗಡಿಯಲ್ಲಿ, ಕಲೆ ತೆಗೆಯಲು ಮಾರುತ್ತಿದ್ದ ದ್ರವವನ್ನು ಕೊಂಡು ಆಕೆ ಮುಂದೆ ಸಾಗಿದಳು.

ಇಂದಿನ ಪ್ರಯಾಣಿಕರ ಸ್ಥಿತಿ ಅದಕ್ಕಿಂತ ಎಷ್ಟೋ ಮೇಲು. ಎಲೆಕ್ಟ್ರಿಕ್ ವಾಹನಗಳಿಗೆ ಪ್ರತ್ಯೇಕ ನೀತಿಯನ್ನು ದೇಶದಲ್ಲೇ ಮೊದಲು, 2017ರಲ್ಲಿ, ತಂದದ್ದು ಕರ್ನಾಟಕ. ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳ ಸಂಖ್ಯೆಯಲ್ಲೂ ರಾಜ್ಯ ಮುಂದಿದೆ. ಆದರೆ ಅವುಗಳಲ್ಲಿ ಬಹುಪಾಲು ಬೆಂಗಳೂರಿನವು. ಹೆದ್ದಾರಿಯ ಎರಡೂ ಬದಿಗೆ ಪ್ರತಿ 25 ಕಿ.ಮೀ.ಗೆ ಒಂದು ಕೇಂದ್ರ ಇರಬೇಕೆಂದು ಕೇಂದ್ರ ಇಂಧನ ಸಚಿವಾಲಯದ 2022ರ ಮಾರ್ಗಸೂಚಿ ಹೇಳಿತ್ತು. ಅದರಂತೆ ಹೊಸಪೇಟೆ–ಹುನಗುಂದದ ನಡುವೆಯೇ ಪ್ರತಿ ಬದಿಗೂ ನಾಲ್ಕಾದರೂ ಇರಬೇಕಿತ್ತು. ನಕಾಶೆಯಲ್ಲಿ ಕಂಡ ಚಾರ್ಜರ್ ಕೆಲಸ ಮಾಡುತ್ತಿದೆಯೇ ಎಂಬುದು ಬೇರೆ ಪ್ರಶ್ನೆ. ಕರೆಂಟ್ ಹೋಗಿರಬಹುದು, ನೆಟ್‌ವರ್ಕ್ ಸಿಗದೆ ಆ್ಯಪ್ ತೆರೆಯದಿರಬಹುದು. ಅದಕ್ಕೇ ಅನುಭವಿಗಳು ಹೊರಡುವ ಮೊದಲು ಅಲ್ಲಿಗೆ ಫೋನ್ ಮಾಡುತ್ತಾರೆ, ಅದು ಕೈಕೊಟ್ಟರೆ ಇನ್ನೊಂದನ್ನು ಮುಟ್ಟುವಷ್ಟು ಚಾರ್ಜ್ ಇಟ್ಟುಕೊಂಡೇ ಹೋಗುತ್ತಾರೆ.

ಬಾಗಲಕೋಟೆ ಜಿಲ್ಲೆಗೆ ಬಂದ ಮೇಲೆ ಮಾತ್ರ ಫಾಸ್ಟ್ ಚಾರ್ಜರ್ ಹುಡುಕಿ ಅಲೆಯಬೇಕಿಲ್ಲ. ರಾತ್ರಿ ತಂಗುವ ಕಡೆ ಒಂದು ಹದಿನೈದು ಆಂಪ್ ಸಾಕೆಟ್ ಸಿಕ್ಕರೆ ಸಾಕು. ಗೀಸರ್‌ಗೆ ಹಾಕುವ ಅದೇ ಸಾಕೆಟ್. ಗಂಟೆಗೆ ಸುಮಾರು ಮೂರು ಯೂನಿಟ್‌ನಂತೆ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಇಪ್ಪತ್ತೈದು ಯೂನಿಟ್ ತುಂಬುತ್ತದೆ. ಇಡೀ ಸುತ್ತಿಗೆ ಬೇಕಾದ್ದು ಹತ್ತೊಂಬತ್ತು. ಕೂಡಲಸಂಗಮಕ್ಕೂ ಹೋಗಿ ಬರುವವರು ಇನ್ನೈದಾರು ಸೇರಿಸಿಕೊಳ್ಳಲಿ.

ಆ ಸಾಕೆಟ್‌ಗೆ ಅರ್ಥಿಂಗ್ ಸರಿಯಿರಬೇಕು. ಬೇಸಿಗೆಯಲ್ಲಿ ನೆಲ ಒಣಗಿ ಬಿರುಕು ಬಿಡುವ ಈ ಕಡೆ ಅರ್ಥಿಂಗ್ ಗುಂಡಿಯ ತೇವವೂ ಆರಿಹೋಗುತ್ತದೆ. ಆಗ ಕಾರಿನೊಂದಿಗೆ ಬಂದ ಚಾರ್ಜರ್ ಕೆಂಪು ದೀಪ ತೋರಿಸಿ ಕೆಲಸ ನಿಲ್ಲಿಸುತ್ತದೆ. ಅದು ಪ್ರಾಣ ಉಳಿಸುವ ಏರ್ಪಾಡು. ಗುಂಡಿಗೆ ನೀರು ಹುಯ್ದರೆ ಎಷ್ಟೋ ಸಲ ಸರಿಹೋಗುತ್ತದೆ. ಆದರೆ ಅಡಾಪ್ಟರ್ ಸಿಕ್ಕಿಸಿ ಚಾರ್ಜರ್‌ನ ಕಣ್ಣಿಗೆ ಮಣ್ಣೆರಚುವುದು, ತೆಳು ವೈರಿನ ಎಕ್ಸ್‌ಟೆನ್ಷನ್ ಎಳೆಯುವುದು ಬೇಡವೇ ಬೇಡ. ಸಾಕೆಟ್ ಕರಗಿ ಬೆಂಕಿ ಹೊತ್ತಿಕೊಳ್ಳಬಹುದು.

ಬಾದಾಮಿಯ ಲಾಡ್ಜ್ ಮಾಲೀಕರು, ಹುನಗುಂದ–ಇಳಕಲ್ ಹೆದ್ದಾರಿಯ ಖಾನಾವಳಿಯವರು ಇದರತ್ತ ಗಮನ ಹರಿಸಬೇಕು. ಗೋಡೆಯಲ್ಲೊಂದು ಗಟ್ಟಿ ಸಾಕೆಟ್, ಒಳ್ಳೆಯ ಅರ್ಥಿಂಗ್, ಬಳಸಿದ ಯೂನಿಟ್ ತೋರಿಸುವ ಸಣ್ಣ ಮೀಟರ್, ಬಾಗಿಲಲ್ಲೊಂದು ಬೋರ್ಡು ಇಷ್ಟಿದ್ದರೆ ಆಯಿತು. ಚಾರ್ಜಿಂಗ್ ಕೇಂದ್ರ ನಡೆಸಲು ಲೈಸೆನ್ಸ್ ಬೇಕಿಲ್ಲವೆಂದು ಕೇಂದ್ರ ಸರ್ಕಾರ 2018ರಲ್ಲೇ ಹೇಳಿದೆ. ಇಳಕಲ್‌ನಲ್ಲಿ ಸೀರೆ ಆರಿಸಲು ಕೂತವರು ಒಂದು ಗಂಟೆಗೆ ಮೊದಲು ಏಳುವುದಿಲ್ಲ; ಅಷ್ಟು ಹೊತ್ತು ಕಾರು ಹೊರಗೆ ಸುಮ್ಮನೆ ನಿಂತಿರುತ್ತದೆ. ವಿಶ್ವ ಪರಂಪರೆಯ ತಾಣವಾದ ಪಟ್ಟದಕಲ್ಲಿನ ವಾಹನ ನಿಲ್ದಾಣಕ್ಕೂ ಈ ಸೌಲಭ್ಯ ಸಲ್ಲಬೇಕು. ಪ್ರವಾಸೋದ್ಯಮ ಇಲಾಖೆ, ಹೆಸ್ಕಾಂ ಕೂಡಿ ಮಾಡಬಹುದಾದ ಕೆಲಸವಿದು.

ಹೊರಡುವವರು ಕೋಣೆ ಕಾಯ್ದಿರಿಸುವಾಗಲೇ ಸಾಕೆಟ್ ಇದೆಯೇ, ಅದರ ಹತ್ತಿರ ಕಾರು ನಿಲ್ಲಿಸಬಹುದೇ ಎಂದು ಕೇಳಿಕೊಳ್ಳಿ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ. ಆ ದಿನಗಳಲ್ಲಿ ಕೋಣೆ ಸಿಗುವುದೇ ಕಷ್ಟ, ಮಾತು ಮೊದಲೇ ಆಗಿರಲಿ.