ಸರ್, ಇನ್ನೊಮ್ಮೆ ಹೇಳ್ರೀ

ಮಂಗಳವಾರ ಕೊಪ್ಪಳ ಜಿಲ್ಲಾದ ಹುಲಿಗಿಯಾಗ ಕಾಲೇಜಿಗೆ ಬಸ್ ಹಿಡಿಯೋದು ಅಂದ್ರ ಗೊತ್ತಲ್ಲ? ಹುಲಿಗೆಮ್ಮ ದೇವಿ ಗುಡಿಗೆ ಬರೋ ಭಕ್ತರ ಗದ್ದಲದಾಗ ಕಾಲಿಡಾಕೂ ಜಾಗ ಇರಂಗಿಲ್ಲ. ಹುಣ್ಣಿಮಿ ಬಂದ್ರಂತೂ ಕೇಳಬ್ಯಾಡ್ರಿ. 2023ರ ಜೂನ್ 11ಕ್ಕ ಶಕ್ತಿ ಯೋಜನೆ ಬಂದು ಹೆಣ್ಮಕ್ಕಳಿಗೆ ಟಿಕೆಟ್ ಖರ್ಚು ತಪ್ಪೇತಿ, ಟೈಮ್ ಮಾತ್ರ ಇನ್ನೂ ಬಸ್ಸಿನ ಕೈಯಾಗೈತಿ. ಕೊಪ್ಪಳಕ್ಕೋ ಹೊಸಪೇಟಿಗೋ ಹೊಂಟ ಹುಡುಗಿ ಹತ್ತು ನಿಮಿಷ ತಡ ಆದ್ರ, ಬಾಗಿಲದಾಗ ನಿಲ್ಲಿಸಿ ಬೈಯೋರು ಬ್ಯಾಡ. "ಒಳಗ ಬಾರವ್ವಾ" ಅನ್ನೋ ಸರ್ ಬೇಕು.

ಖರೇ ತೊಂದ್ರಿ ಒಳಗೈತಿ. ಹತ್ತನೇ ತನಕ ಕನ್ನಡ ಮೀಡಿಯಂ, ಬಿಕಾಂಗೆ ಬಂದ್ರ ಪುಸ್ತಕ ಇಂಗ್ಲಿಷಿನಾಗ. ಬೋರ್ಡ್ ಮ್ಯಾಲೆ 'ಡೆಪ್ರಿಸಿಯೇಷನ್' ಅಂತ ಬರದು ನೋಟ್ಸ್ ಹೇಳಿ ಬರಿಸಿದ್ರ ತಲಿಗೆ ಹತ್ತಂಗಿಲ್ಲ. ಅದರ ಬದ್ಲಿ "ನಿಮ್ಮಪ್ಪ ಐದು ಲಕ್ಷಕ್ಕ ತಂದ ಟ್ರ್ಯಾಕ್ಟರ್ ಮುಂದಿನ ವರ್ಷ ಎಷ್ಟಕ್ಕ ಹೋಗ್ತೈತಿ?" ಅಂತ ಕೇಳಿ ನೋಡ್ರಿ, ಹಿಂದಿನ ಬೆಂಚಿನವರೂ ಲೆಕ್ಕ ಹಾಕ್ತಾರ!

ಎಲ್ಲಾ ಮಾಸ್ತರ ತಪ್ಪೂ ಅಲ್ಲ ಮತ್ತ. ಸರ್ಕಾರಿ ಪದವಿ ಕಾಲೇಜಿನಾಗ ಬಾಳಷ್ಟು ಪಾಠ ಅತಿಥಿ ಉಪನ್ಯಾಸಕರ ಮ್ಯಾಲೆ ನಡೀತೈತಿ. 2023ರ ನವೆಂಬರ್‌ನಾಗ ಅವರು ಸೇವಾ ಭದ್ರತೆ ಕೇಳಿ ರಾಜ್ಯದ ತುಂಬ ಹೋರಾಟಕ್ಕ ಇಳಿದಾಗ ಎಷ್ಟೋ ಕಡೆ ಪಾಠನ ನಿಂತಿತ್ತು. ಪ್ರತಿ ವರ್ಷ ಅದೇ ಸರ್, ಅದೇ ಮೇಡಂ ಇರಬೇಕು ಅನ್ನೋದು ಹುಡುಗರ ಆಸೆ. ಅದನ್ನ ನಡೆಸಿಕೊಡಬೇಕಾದವರು ಬೆಂಗಳೂರಿನಾಗ ಕುಂತಾರ.

ಇಂಟರ್ನಲ್ ಪೇಪರ್ ಮಾತ್ರ ನಿಮ್ಮ ಕೈಯಾಗೈತಿ, ಸರ್. ಬರೇ ಮಾರ್ಕ್ಸ್ ಹಾಕಿ ಕಪಾಟಿನಾಗ ಇಡಬ್ಯಾಡ್ರಿ. ವಾಪಸ್ ಕೊಡ್ರಿ. ಎಲ್ಲಿ ತಪ್ಪೇತಿ ಅಂತ ಕೆಂಪು ಪೆನ್ನಿಲೆ ಒಂದು ಸಾಲು ಬರೀರಿ.