ಗಡ್ಡೆಯ ಒಳಗೆ ಯಾರಿದ್ದಾರೆ?

ತಮಗೆ ಮೆಲನೋಮ ಎಂಬ ಕ್ಯಾನ್ಸರ್ ಇದೆ, ಅದು ಯಕೃತ್ತು ಮತ್ತು ಮಿದುಳಿನವರೆಗೂ ಹೋಗಿದೆ ಎಂದು 2015ರ ಆಗಸ್ಟ್‌ನಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಪ್ರಕಟಿಸಿದಾಗ ಅವರಿಗೆ 90 ವರ್ಷ. ಶಸ್ತ್ರಚಿಕಿತ್ಸೆ, ವಿಕಿರಣದ ಜೊತೆಗೆ ಪೆಂಬ್ರೊಲಿಜುಮ್ಯಾಬ್ ಎಂಬ ಹೊಸ ಇಂಜೆಕ್ಷನ್ ಕೊಟ್ಟರು. ಡಿಸೆಂಬರ್ ಹೊತ್ತಿಗೆ ಸ್ಕ್ಯಾನಿನಲ್ಲಿ ಕ್ಯಾನ್ಸರಿನ ಸುಳಿವಿರಲಿಲ್ಲ. ಕಾರ್ಟರ್ ನೂರು ತುಂಬಿಸಿಕೊಂಡು 2024ರಲ್ಲಿ ತೀರಿಕೊಂಡರು. ಅದೇ ಔಷಧವನ್ನು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇರುವವರಿಗೆ ಕೊಟ್ಟರೆ ಬಹುಪಾಲು ಜನರಲ್ಲಿ ಏನೂ ಆಗುವುದಿಲ್ಲ.

ಯಾಕೆ ಹೀಗೆ? ಈ ಔಷಧ ಕ್ಯಾನ್ಸರ್ ಕೋಶವನ್ನು ನೇರವಾಗಿ ಕೊಲ್ಲುವುದೇ ಇಲ್ಲ. ಕೊಲ್ಲುವ ಕೆಲಸ ನಮ್ಮದೇ ರಕ್ತದಲ್ಲಿ ಓಡಾಡುವ ಟಿ ಕೋಶಗಳದ್ದು. ಅವು ಹದ್ದು ಮೀರದಂತೆ ಅವುಗಳ ಮೈಮೇಲೆ ಪಿಡಿ-1 ಎಂಬ ಬ್ರೇಕ್ ಇದೆ; ಕ್ಯಾನ್ಸರ್ ಕೋಶ ತನ್ನ ಪಿಡಿ-ಎಲ್1 ಪ್ರೋಟೀನಿನಿಂದ ಅದನ್ನು ಒತ್ತಿ ಹಿಡಿಯುತ್ತದೆ. ಔಷಧ ಆ ಹಿಡಿತವನ್ನು ಬಿಡಿಸುತ್ತದೆ, ಅಷ್ಟೇ. ಇಂಥ ಬ್ರೇಕ್‌ಗಳ ಅಧ್ಯಯನಕ್ಕಾಗಿಯೇ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂತು. ಆದರೆ ಊರ ಹೊರಗೇ ನಿಂತ ಗಾಡಿಯ ಬ್ರೇಕ್ ಬಿಟ್ಟರೇನು ಬಂತು?

ಗಡ್ಡೆ ಎಂದರೆ ಬರೀ ಕ್ಯಾನ್ಸರ್ ಕೋಶಗಳ ಮುದ್ದೆಯಲ್ಲ. ಅದರೊಳಗೆ ರಕ್ತನಾಳಗಳಿವೆ, ನಾರು ನೇಯುವ ಫೈಬ್ರೊಬ್ಲಾಸ್ಟ್‌ಗಳಿವೆ, ಕಸ ನುಂಗುವ ಮ್ಯಾಕ್ರೋಫೇಜ್‌ಗಳಿವೆ, ಇತರ ಟಿ ಕೋಶಗಳನ್ನು ಸುಮ್ಮನಾಗಿಸುವ ನಿಯಂತ್ರಕ ಟಿ ಕೋಶಗಳೂ ಇವೆ. ಇವೆಲ್ಲ ಸೇರಿದ್ದೇ ಗಡ್ಡೆಯ ಸೂಕ್ಷ್ಮ ಪರಿಸರ. ಬಯಾಪ್ಸಿಯ ತುಣುಕನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಕೆಲವು ಗಡ್ಡೆಗಳ ತುಂಬ ಟಿ ಕೋಶಗಳು. ಇವನ್ನು ‘ಬಿಸಿ’ ಗಡ್ಡೆ ಎನ್ನುತ್ತಾರೆ, ಔಷಧ ಫಲಿಸುವುದು ಹೆಚ್ಚಾಗಿ ಇಲ್ಲೇ. ಕೆಲವು ‘ತಣ್ಣನೆಯವು’, ಟಿ ಕೋಶ ಹುಡುಕಿದರೂ ಸಿಗುವುದಿಲ್ಲ. ನನಗೆ ಕುತೂಹಲ ಹುಟ್ಟಿಸುವುದು ಮೂರನೆಯ ಬಗೆ: ಟಿ ಕೋಶಗಳು ಬಂದಿವೆ, ಆದರೆ ಅಂಚಿನಲ್ಲೇ ಸಾಲುಗಟ್ಟಿ ನಿಂತುಬಿಟ್ಟಿವೆ.

ಅವನ್ನು ತಡೆದದ್ದು ಯಾರು? ಮೂತ್ರಕೋಶದ ಕ್ಯಾನ್ಸರಿಗೆ, ಪಿಡಿ-ಎಲ್1 ಅನ್ನು ತಡೆಯುವ ಅಟೆಜೊಲಿಜುಮ್ಯಾಬ್ ಪಡೆದ ಸುಮಾರು 300 ರೋಗಿಗಳ ಗಡ್ಡೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2018ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಔಷಧ ಫಲಿಸದವರಲ್ಲಿ, ಅದರಲ್ಲೂ ಟಿ ಕೋಶಗಳು ಅಂಚಿನಲ್ಲೇ ಉಳಿದ ಗಡ್ಡೆಗಳಲ್ಲಿ, ಫೈಬ್ರೊಬ್ಲಾಸ್ಟ್‌ಗಳು ಟಿಜಿಎಫ್-ಬೀಟಾ ಎಂಬ ಸಂಕೇತಕ್ಕೆ ಜೋರಾಗಿ ಓಗೊಡುತ್ತಿದ್ದವು. ಇಲಿಗಳಲ್ಲಿ ಈ ಸಂಕೇತವನ್ನೂ ಪಿಡಿ-ಎಲ್1 ಅನ್ನೂ ಒಟ್ಟಿಗೆ ತಡೆದಾಗ ಟಿ ಕೋಶಗಳು ಒಳನುಗ್ಗಿದವು, ಗಡ್ಡೆ ಕುಗ್ಗಿತು. ಗಾಯವಾದಾಗ ನಾರು ನೇಯ್ದು ಮಾಯಿಸುವ ಕೋಶಗಳೇ ಇವು. ಗಡ್ಡೆಯೆಂದರೆ ಮಾಯದ ಗಾಯ ಎಂದು ಹೆರಾಲ್ಡ್ ಡ್ವೊರಾಕ್ 1986ರಲ್ಲೇ ಬರೆದಿದ್ದರು.

ಹಾಗಾದರೆ ಈ ನಾರನ್ನೇ ತೆಗೆದುಬಿಟ್ಟರಾಯಿತಲ್ಲ? ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ ಗಡ್ಡೆಯ ಬಹುಭಾಗ ನಾರೇ. ಅದನ್ನು ಸಡಿಲಿಸುವ ಔಷಧವನ್ನು ಕೀಮೊ ಜೊತೆ ಕೊಟ್ಟು ನೋಡಿದರು. ಇಲಿಗಳಲ್ಲಿ ಗೆದ್ದದ್ದು ಮನುಷ್ಯರಲ್ಲಿ ತಿರುಗುಬಾಣವಾಯಿತು. ಔಷಧ ಪಡೆದವರ ಸ್ಥಿತಿಯೇ ಹದಗೆಟ್ಟು 2012ರಲ್ಲಿ ಪ್ರಯೋಗ ನಿಂತಿತು. ಆ ನಾರು ಗಡ್ಡೆಯನ್ನು ಕಾಪಾಡುವುದರ ಜೊತೆಗೆ ಹರಡದಂತೆ ಹಿಡಿದೂ ಇಟ್ಟಿರುತ್ತದೆ ಎಂಬುದು ಆಮೇಲಿನ ಇಲಿ ಪ್ರಯೋಗಗಳಲ್ಲಿ ಕಂಡಿತು. ‘ಕ್ಯಾನ್ಸರಿನ ಕೋಟೆ ಒಡೆದ ವಿಜ್ಞಾನಿಗಳು’ ಎಂಬ ತಲೆಬರಹ ಕಂಡಾಗಲೆಲ್ಲ ಇಲಿಯೋ ಮನುಷ್ಯನೋ ಎಂದು ಮೊದಲು ನೋಡಿಕೊಳ್ಳುವುದು ಒಳ್ಳೆಯದು.

ರಕ್ತನಾಳಗಳ ದಾರಿ ಹಿಡಿದವರಿಗೆ ಫಲ ಸಿಕ್ಕಿತು. ಗಡ್ಡೆ ಅವಸರದಲ್ಲಿ ಬೆಳೆಸಿಕೊಳ್ಳುವ ನಾಳಗಳು ಸೊಟ್ಟ, ಸೋರುಬುರುಕ. ಒಳಗೆ ಆಮ್ಲಜನಕ ಸಾಲದು, ಆಮ್ಲ ಹೆಚ್ಚು. ಅಂಥಲ್ಲಿ ಟಿ ಕೋಶ ಬಂದರೂ ಬಳಲುತ್ತದೆ. ಈ ನಾಳಗಳನ್ನು ನಾಶ ಮಾಡುವ ಬದಲು ನೆಟ್ಟಗೆ ಮಾಡಿ ಎಂದು ದಶಕಗಳಿಂದ ವಾದಿಸಿದವರು ಐಐಟಿ ಕಾನ್ಪುರದಲ್ಲಿ ಓದಿದ, ಹಾರ್ವರ್ಡ್‌ನ ರಾಕೇಶ್ ಜೈನ್. ನಾಳ ಬೆಳೆಸುವ ವಿಇಜಿಎಫ್ ಪ್ರೋಟೀನನ್ನು ತಡೆಯುವ ಬೆವಸಿಜುಮ್ಯಾಬ್ ಜೊತೆ ಅಟೆಜೊಲಿಜುಮ್ಯಾಬ್ ಕೊಟ್ಟಾಗ, ಮುಂದುವರಿದ ಯಕೃತ್ ಕ್ಯಾನ್ಸರ್ ರೋಗಿಗಳಲ್ಲಿ ವರ್ಷದ ನಂತರ ಬದುಕಿದ್ದವರು ಶೇ 67. ಹಳೆಯ ಔಷಧ ಪಡೆದವರಲ್ಲಿ ಶೇ 55. 2020ರಲ್ಲಿ ಅಮೆರಿಕದಲ್ಲಿ ಈ ಜೋಡಿಗೆ ಮಂಜೂರಾತಿ ಸಿಕ್ಕಿತು.

ನಮ್ಮಲ್ಲಿ ಇನ್ನೊಂದು ಅಡ್ಡಿ, ದುಡ್ಡು. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು ಮುಂದುವರಿದ ತಲೆ-ಕುತ್ತಿಗೆ ಕ್ಯಾನ್ಸರಿಗೆ ಮೂರು ವಾರಕ್ಕೊಮ್ಮೆ ಪಿಡಿ-1 ಬ್ರೇಕ್ ಬಿಡಿಸುವ ನಿವೊಲುಮ್ಯಾಬ್ ಔಷಧವನ್ನು ಬರೀ 20 ಮಿಲಿಗ್ರಾಂ ಕೊಟ್ಟರು; ರೂಢಿಯ ಪ್ರಮಾಣ ಎರಡು ವಾರಕ್ಕೆ 240. ಜೊತೆಗೆ ಕಡಿಮೆ ಬೆಲೆಯ ಮೂರು ಮಾತ್ರೆ. ವರ್ಷದ ನಂತರ ಬದುಕುಳಿದವರು ಶೇ 43. ಬರೀ ಮಾತ್ರೆ ತೆಗೆದುಕೊಂಡವರಲ್ಲಿ ಶೇ 16. ಆ ಮೂರರಲ್ಲೊಂದು ಸೆಲೆಕಾಕ್ಸಿಬ್. ಅದು ಪ್ರೊಸ್ಟಗ್ಲಾಂಡಿನ್ ಉತ್ಪಾದನೆಯನ್ನು ತಡೆಯುತ್ತದೆ; ಈ ಪ್ರೊಸ್ಟಗ್ಲಾಂಡಿನ್ ಗಡ್ಡೆಯೊಳಗೆ ಟಿ ಕೋಶಗಳನ್ನು ಮಂಕಾಗಿಸುವ ರಾಸಾಯನಿಕಗಳಲ್ಲಿ ಒಂದು.

ಮನೆಯವರಿಗೆ ಇಂಥ ಔಷಧ ಕೊಡಿಸುವ, ಅಂದರೆ ಇಮ್ಯುನೋಥೆರಪಿ ಮಾಡಿಸುವ ಮಾತು ಬಂದರೆ, ಪಿಡಿ-ಎಲ್1 ಪರೀಕ್ಷೆ ಮತ್ತು ಗಡ್ಡೆಯ ಡಿಎನ್‌ಎ ದುರಸ್ತಿಯ ದೋಷವನ್ನು ಹುಡುಕುವ ಎಂಎಸ್‌ಐ ಪರೀಕ್ಷೆ ಇವರಿಗೆ ಬೇಕೇ, ಆಗಿದೆಯೇ ಎಂದು ವೈದ್ಯರನ್ನು ಕೇಳಿ. ವರದಿ ಬಂದಮೇಲೂ ಒಂದು ನೆನಪಿರಲಿ: ಪಿಡಿ-ಎಲ್1 ಸೊನ್ನೆ ಇದ್ದೂ ಗುಣ ಕಂಡವರಿದ್ದಾರೆ, ಹೆಚ್ಚಿದ್ದೂ ಕಾಣದವರಿದ್ದಾರೆ.