ಮೊಬೈಲ್ ಫುಟ್‌ಬಾಲ್‌ನಲ್ಲಿ ಯಾವ ವ್ಯೂಹ ಕಟ್ಟಬೇಕು?

ಕಾಸರಗೋಡು: ಮೊಬೈಲಿನಲ್ಲೋ ಟಿ.ವಿ.ಗೆ ಜೋಡಿಸಿದ ಯಂತ್ರದಲ್ಲೋ ಫುಟ್‌ಬಾಲ್ ಆಡುವ ನಮ್ಮ ಮಕ್ಕಳನ್ನು ಗಮನಿಸಿದರೆ ಒಂದು ಸಂಗತಿ ಬೇಗ ಕಣ್ಣಿಗೆ ಬೀಳುತ್ತದೆ. ಎರಡು ಪಂದ್ಯ ಸೋತ ಕೂಡಲೇ ಅವರು ಸ್ಟ್ರೈಕರನ್ನು ಬದಲಿಸುತ್ತಾರೆ. ಇನ್ನೂ ಒಳ್ಳೆಯವನು ಸಿಗಲಿ ಎಂದು ‘ಪ್ಯಾಕ್’ ತೆರೆಯುತ್ತಾರೆ. ಆಟದೊಳಗಿನ ನಾಣ್ಯ ಸಾಲದಿದ್ದರೆ ಅಪ್ಪನ ಫೋನಿನಿಂದ ದುಡ್ಡು ಹೋಗುತ್ತದೆ. ಆದರೆ ಒಂದು ಪೈಸೆ ಖರ್ಚಿಲ್ಲದೆ ಬದಲಿಸಬಹುದಾದ ಇನ್ನೊಂದು ವಿಷಯ ಅದೇ ಮೆನುವಿನಲ್ಲಿ ಇರುತ್ತದೆ. ಅದರ ಹೆಸರು ಫಾರ್ಮೇಶನ್. ಆಟಗಾರರನ್ನು ಮೈದಾನದಲ್ಲಿ ನಿಲ್ಲಿಸುವ ವ್ಯೂಹ ಅದು.

ಈ ಆಟಗಳ ಪರಿಚಯ ಇಲ್ಲದವರಿಗೆ ಎರಡು ಮಾತು. ಇಎ ಸ್ಪೋರ್ಟ್ಸ್ ಸಂಸ್ಥೆ 1993ರಲ್ಲಿ ‘ಫಿಫಾ’ ಹೆಸರಿನ ಸರಣಿಯನ್ನು ಆರಂಭಿಸಿತು. ಅದು 2023ರಿಂದ ‘ಇಎ ಸ್ಪೋರ್ಟ್ಸ್ ಎಫ್‌ಸಿ’ ಎಂಬ ಹೆಸರಿನಲ್ಲಿ ಬರುತ್ತಿದೆ. ಜಪಾನಿನ ಕೊನಾಮಿ ಸಂಸ್ಥೆಯ ‘ಪ್ರೊ ಎವಲ್ಯೂಶನ್ ಸಾಕರ್’ 2021ರಲ್ಲಿ ‘ಇ-ಫುಟ್‌ಬಾಲ್’ ಆಯಿತು. ಅದನ್ನು ಮೊಬೈಲಿಗೆ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು. ಇದು ಬರೀ ಹೊತ್ತು ಕಳೆಯುವ ಆಟ ಎಂದು ತಳ್ಳಿಹಾಕುವವರು ಗಮನಿಸಬೇಕು: 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ವಿಡಿಯೋ ಫುಟ್‌ಬಾಲ್ ಪದಕದ ಸ್ಪರ್ಧೆಯಾಗಿತ್ತು, ಭಾರತದ ಸ್ಪರ್ಧಿಗಳೂ ಅದರಲ್ಲಿ ಆಡಿದ್ದರು.

ಇನ್ನು ಅಂಕೆಗಳ ವಿಚಾರ. 4-3-3 ಎಂದರೆ ಗೋಲ್‌ಕೀಪರನ್ನು ಬಿಟ್ಟು ಹಿಂದೆ ನಾಲ್ವರು, ನಡುವೆ ಮೂವರು, ಮುಂದೆ ಮೂವರು. ಲೆಕ್ಕ ಯಾವಾಗಲೂ ಹಿಂದಿನಿಂದ ಮುಂದಕ್ಕೆ. 4-2-3-1ರಲ್ಲಿ ನಡುವಿನ ಐವರು ಎರಡು ಸಾಲಾಗುತ್ತಾರೆ. ಮುಂದೆ ಒಬ್ಬನೇ ಇದ್ದಾನೆಂದು ಅದನ್ನು ರಕ್ಷಣೆಯ ವ್ಯೂಹ ಎಂದುಕೊಳ್ಳುವವರಿದ್ದಾರೆ. ಅದು ಸರಿಯಲ್ಲ, ಅವನ ಬೆನ್ನಿಗೇ ಮೂವರು ದಾಳಿಗಾರರಿರುತ್ತಾರೆ.

ನಿಜವಾದ ಮೈದಾನಕ್ಕಿಂತ ತೆರೆಯ ಮೇಲೆ ವ್ಯೂಹಕ್ಕೆ ಹೆಚ್ಚು ಬೆಲೆ. ಕಾರಣ ಸರಳ. ಆಡುವವನ ಬೆರಳಿನ ಹಿಡಿತದಲ್ಲಿ ಒಂದು ಹೊತ್ತಿಗೆ ಇರುವುದು ಒಬ್ಬನೇ ಆಟಗಾರ. ಉಳಿದವರನ್ನು ಕಂಪ್ಯೂಟರ್ ನಡೆಸುತ್ತದೆ, ಅದೂ ನೀವು ಮೊದಲೇ ಹೇಳಿಟ್ಟ ವ್ಯೂಹದ ಪ್ರಕಾರ. ಗದ್ದೆಯಲ್ಲಿ ಆಡುವಾಗ “ಓಯ್, ಇತ್ತ ಬಾ” ಎಂದು ಕೂಗಿದರೆ ಜೊತೆಗಾರ ಬರುತ್ತಾನೆ. ಇಲ್ಲಿ ಕೂಗಿ ಪ್ರಯೋಜನವಿಲ್ಲ. ಚೆಂಡು ಹಿಡಿದು ತಲೆ ಎತ್ತಿದಾಗ ಪಾಸ್ ಕೊಡಲು ಯಾರು ಎಲ್ಲಿ ಇರುತ್ತಾರೆ ಎಂಬುದು ಪಂದ್ಯಕ್ಕೆ ಮೊದಲೇ ನಿರ್ಧಾರವಾಗಿರುತ್ತದೆ.

ಈ ವ್ಯೂಹಗಳನ್ನು ಕಂಪ್ಯೂಟರಿನವರು ಕಟ್ಟಿದ್ದಲ್ಲ, ಫುಟ್‌ಬಾಲ್ ಚರಿತ್ರೆಯಿಂದ ಎತ್ತಿಕೊಂಡದ್ದು. 19ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ನಡೆಯುತ್ತಿದ್ದುದು 2-3-5. 1925ರಲ್ಲಿ ಆಫ್‌ಸೈಡ್ ನಿಯಮ ಬದಲಾಗಿ ದಾಳಿ ಸುಲಭವಾದಾಗ ಆರ್ಸೆನಲ್ ತಂಡದ ಹರ್ಬರ್ಟ್ ಚಾಪ್‌ಮನ್ ನಡುವಿನಿಂದ ಒಬ್ಬನನ್ನು ಹಿಂದಕ್ಕೆ ಇಳಿಸಿದರು. 1958ರಲ್ಲಿ ಬ್ರೆಜಿಲ್ 4-2-4ರಲ್ಲಿ ವಿಶ್ವಕಪ್ ಗೆದ್ದಿತು. 1962ರ ಹೊತ್ತಿಗೆ ಅದರ ಎಡಬದಿಯ ಝಗಾಲೊ ಕೆಳಗಿಳಿದು ಆಡಿ ಅದು 4-3-3ರ ರೂಪ ಪಡೆಯಿತು. ಒಬ್ಬೊಬ್ಬರೇ ಮುಂದಿನಿಂದ ಹಿಂದಕ್ಕೆ ಬಂದದ್ದೇ ಈ ಚರಿತ್ರೆ. ದಾಳಿ ಬೇಡವಾಗಿ ಯಾರೂ ಹಿಂದೆ ಬರಲಿಲ್ಲ. ಚೆಂಡು ಕೈತಪ್ಪಿದ ಮೇಲೆ ಏನು ಗತಿ ಎಂಬ ಚಿಂತೆ ಅವರನ್ನು ಹಿಂದಕ್ಕೆ ತಂದಿತು.

ಮುಖ್ಯ ವಿಷಯ ಅಲ್ಲೇ ಇದೆ. ದಾಳಿಗೆ ಮೂಲ ವ್ಯೂಹ ಆರಿಸುವವರು ಎಷ್ಟು ಜನ ಮುಂದೆ ನುಗ್ಗುತ್ತಾರೆ ಎಂದು ಮಾತ್ರ ನೋಡುತ್ತಾರೆ. ಯಕ್ಷಗಾನ ನೋಡಿ ಬೆಳೆದ ನಮಗೆ ಅಭಿಮನ್ಯುವಿನ ಕಥೆ ಹೇಳಬೇಕಾಗಿಲ್ಲ. ಒಳಹೋಗುವ ದಾರಿ ಗೊತ್ತು, ಹೊರಬರುವುದು ಗೊತ್ತಿಲ್ಲ. ಆಟದಲ್ಲಿ ಹತ್ತು ದಾಳಿ ಮಾಡಿದರೆ ಒಂದೋ ಎರಡೋ ಗೋಲಾಗಬಹುದು. ಉಳಿದವು ಚೆಂಡು ಕಳೆದುಕೊಳ್ಳುವುದರಲ್ಲೇ ಮುಗಿಯುತ್ತವೆ. ಆ ಗಳಿಗೆಯಲ್ಲಿ ನಿಮ್ಮವರು ಎಲ್ಲಿ ನಿಂತಿರುತ್ತಾರೆ ಎಂಬುದನ್ನು ನೋಡಿ ವ್ಯೂಹ ಆರಿಸಬೇಕು.

ಹೊಸಬರಿಗೆ 4-2-3-1 ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. 2010ರ ವಿಶ್ವಕಪ್‌ನಲ್ಲಿ ಫೈನಲ್ ತಲುಪಿದ ಸ್ಪೇನ್, ನೆದರ್ಲೆಂಡ್ಸ್ ಎರಡೂ ತಂಡಗಳು ಇದನ್ನೇ ನೆಚ್ಚಿಕೊಂಡಿದ್ದವು. ನಾಲ್ವರು ಬ್ಯಾಕ್‌ಗಳ ಮುಂದೆ ಇಬ್ಬರು ಮಿಡ್‌ಫೀಲ್ಡರುಗಳು ಕಾವಲಿರುತ್ತಾರೆ. ಮುಂದೆ ಚೆಂಡು ಹೋದರೂ ಎದುರಾಳಿ ನಡುದಾರಿಯಲ್ಲಿ ನೇರ ಓಡಿ ಬರಲಾರ. ಅದೇ ಹೊತ್ತಿಗೆ ಮುಂದಿನ ಮೂವರು ಎಡ, ನಡು, ಬಲ ಮೂರೂ ಕಡೆ ಪಾಸಿಗೆ ಸಿಗುತ್ತಾರೆ. ಇದರ ಕಷ್ಟ ಒಂದೇ, ಸ್ಟ್ರೈಕರ್ ಒಂಟಿ. ಚೆಂಡು ಸಿಕ್ಕಿದೊಡನೆ ಅವನಿಗೆ ಉದ್ದ ಹೊಡೆದರೆ ಇಬ್ಬರು ಡಿಫೆಂಡರುಗಳ ನಡುವೆ ಸಿಕ್ಕಿಕೊಳ್ಳುತ್ತಾನೆ. ಅವನು ಚೆಂಡನ್ನು ಗೋಲಿಗೆ ಬೆನ್ನು ಹಾಕಿ ಹಿಡಿದು, ಹಿಂದಿನಿಂದ ಬರುವವನಿಗೆ ಕೊಡುವವರೆಗೆ ಎರಡು ಸೆಕೆಂಡು ತಾಳಬೇಕು. ನಮ್ಮ ಹುಡುಗರಿಗೆ ಕಷ್ಟವಾಗುವುದು ಈ ಎರಡು ಸೆಕೆಂಡೇ.

4-3-3 ಬದಿಗಳಲ್ಲಿ ಓಡಿಸಿ ಆಡುವವರಿಗೆ. ಇಬ್ಬರು ವಿಂಗರುಗಳು ಗೆರೆಗೆ ಹತ್ತಿರ ನಿಂತು ಎದುರಾಳಿಯ ರಕ್ಷಣೆಯನ್ನು ಅಗಲಕ್ಕೆ ಎಳೆಯುತ್ತಾರೆ. ಮೈದಾನದ ಎಲ್ಲಿ ನೋಡಿದರೂ ಪಾಸಿಗೆ ತ್ರಿಕೋನ ಸಿಗುತ್ತದೆ. ಆದರೆ ಕಾವಲಿಗೆ ಇರುವ ಮಿಡ್‌ಫೀಲ್ಡರ್ ಸಾಮಾನ್ಯವಾಗಿ ಒಬ್ಬನೇ, ಅವನು ಗಟ್ಟಿಯಿಲ್ಲದಿದ್ದರೆ ನಡುಮನೆಯ ಬಾಗಿಲು ತೆರೆದಿಟ್ಟ ಹಾಗೆ. ಮುಂದಿರುವವನು ಎತ್ತರದ ಆಳೋ, ಕಾಲಿನ ಆಟದವನೋ ಎಂಬುದನ್ನೂ ಇಲ್ಲಿ ನೋಡಬೇಕು. ನಮ್ಮ ತ್ರಿಕ್ಕರಿಪುರದ ಮುಹಮ್ಮದ್ ರಾಫಿ 2016ರ ಐಎಸ್‌ಎಲ್ ಫೈನಲ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಪರ ಕಾರ್ನರ್‌ನಿಂದ ಬಂದ ಚೆಂಡಿಗೆ ತಲೆಕೊಟ್ಟು ಗೋಲು ಹೊಡೆದದ್ದು ಹಲವರಿಗೆ ನೆನಪಿರಬಹುದು. ಅಂಥ ಸ್ಟ್ರೈಕರ್ ಇದ್ದರೆ ಬದಿಯಿಂದ ಕ್ರಾಸ್ ಬರುವ ವ್ಯೂಹ ಬೇಕು. 2009ರಲ್ಲಿ ಬಾರ್ಸಿಲೋನಾ ರಿಯಲ್ ಮ್ಯಾಡ್ರಿಡ್ ತಂಡವನ್ನು ಅದರ ಮೈದಾನದಲ್ಲೇ 6-2ರಿಂದ ಸೋಲಿಸಿದಾಗ ಇದೇ 4-3-3ರ ನಡುವೆ ಇದ್ದವರು ಮೆಸ್ಸಿ. ಅವರು ಮುಂದೆ ನಿಲ್ಲದೆ ಹಿಂದೆ ಸರಿದು ಚೆಂಡು ಪಡೆಯುತ್ತಿದ್ದರು. ಅಂಕೆ ಒಂದೇ, ಆಟ ಬೇರೆ.

4-1-2-1-2 ಬಗ್ಗೆ ಒಂದು ಎಚ್ಚರಿಕೆ. ನಡುವಿನ ನಾಲ್ವರು ವಜ್ರದ ಆಕಾರದಲ್ಲಿ ಒತ್ತಾಗಿ ನಿಲ್ಲುವುದರಿಂದ ಚಿಕ್ಕಚಿಕ್ಕ ಪಾಸ್‌ಗಳಿಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ. ಆನ್‌ಲೈನ್ ಆಟದಲ್ಲಿ ಬಹಳ ಜನ ಇದನ್ನು ಇಷ್ಟಪಡುತ್ತಾರೆ. ಆದರೆ ವಿಂಗರುಗಳೇ ಇಲ್ಲ. ಅಗಲಕ್ಕೆ ಆಡಬೇಕಾದರೆ ಎರಡು ಬದಿಯ ಬ್ಯಾಕ್‌ಗಳು ಮೇಲೆ ಓಡಬೇಕು. ಓಡಿದರೆ ಅವರ ಬೆನ್ನ ಹಿಂದೆ ಜಾಗ ಖಾಲಿ. ಎದುರಾಳಿ ಚೆಂಡು ಕಿತ್ತುಕೊಂಡು ಅಲ್ಲಿಗೇ ಹೊಡೆಯುತ್ತಾನೆ. ಈ ವ್ಯೂಹವೇ ಬೇಕೆಂದಿದ್ದರೆ ಒಬ್ಬ ಬ್ಯಾಕನ್ನಾದರೂ “ದಾಳಿಯಲ್ಲಿ ಹಿಂದೆಯೇ ಇರು” ಎಂಬ ಸೂಚನೆ ಕೊಟ್ಟು ನಿಲ್ಲಿಸಿ. ಆ ಸೌಲಭ್ಯ ಎರಡೂ ಆಟಗಳಲ್ಲಿ ಒಂದಲ್ಲ ಒಂದು ಹೆಸರಿನಲ್ಲಿ ಇದೆ.

4-4-2 ಹಳೆಯದಾಯಿತು ಎನ್ನುವವರು 2015-16ರಲ್ಲಿ ಇಂಗ್ಲೆಂಡಿನ ಲೀಗ್ ಗೆದ್ದ ಲೆಸ್ಟರ್ ಸಿಟಿಯನ್ನು ನೆನಪಿಸಿಕೊಳ್ಳಲಿ. ಚೆಂಡನ್ನು ಹೆಚ್ಚು ಹೊತ್ತು ಇಟ್ಟುಕೊಳ್ಳದೆ, ಕಾದು ಕುಳಿತು, ಸಿಕ್ಕಿದ ಕೂಡಲೇ ವೇಗದ ವಾರ್ಡಿಗೆ ಹೊಡೆಯುವುದು ಅವರ ದಾರಿ. ತಾಳ್ಮೆಯ ಪಾಸಿಂಗ್ ಬಾರದವರಿಗೆ, ಓಡುವ ಸ್ಟ್ರೈಕರ್ ಇರುವವರಿಗೆ ಇದು ಸಾಕು. 3-5-2 ಮೊದಲಾದವು ಅನುಭವಿಗಳಿಗೆ. ಹಿಂದೆ ಮೂವರನ್ನೇ ಇಟ್ಟು ಬದುಕುವುದು ಕಲಿತ ಮೇಲೆ ನೋಡಬಹುದು.

ಇನ್ನೊಂದು ಸಂಗತಿ ಹಲವರಿಗೆ ಹೊಳೆಯುವುದಿಲ್ಲ. ದುಡ್ಡು ವ್ಯರ್ಥವಾಗುವುದು ಹೆಚ್ಚಾಗಿ ಇಲ್ಲೇ. ಇ-ಫುಟ್‌ಬಾಲ್‌ನಲ್ಲಿ ಹೆಚ್ಚಿನ ಆಟಗಾರರಿಗೆ ಒಂದು ಆಟದ ಶೈಲಿ ಬರೆದಿರುತ್ತದೆ, ಅದು ಕೆಲವು ಸ್ಥಾನಗಳಲ್ಲಿ ಮಾತ್ರ ಕೆಲಸ ಮಾಡುತ್ತದೆ. ‘ಗೋಲ್ ಪೋಚರ್’ ಸೆಂಟರ್ ಫಾರ್ವರ್ಡ್ ಆಗಿದ್ದರೆ ಮಾತ್ರ ಡಿಫೆಂಡರುಗಳ ಬೆನ್ನ ಹಿಂದೆ ಓಡುತ್ತಾನೆ. ‘ಆಂಕರ್ ಮ್ಯಾನ್’ ಡಿಫೆನ್ಸಿವ್ ಮಿಡ್‌ಫೀಲ್ಡ್‌ನಲ್ಲಿದ್ದರೆ ಮಾತ್ರ ಕಾವಲು ಕಾಯುತ್ತಾನೆ. ಇಎಯ ಆಟದಲ್ಲಿ ಫಿಫಾ 23ರಿಂದ ಆಟಗಾರನನ್ನು ಅವನದಲ್ಲದ ಸ್ಥಾನದಲ್ಲಿ ನಿಲ್ಲಿಸಿದರೆ ‘ಕೆಮಿಸ್ಟ್ರಿ’ ಅಂಕ ಸೊನ್ನೆ. ಹಾಗಾಗಿ ಹೆಸರಾಂತ ಆಟಗಾರನನ್ನು ದುಡ್ಡು ಕೊಟ್ಟು ತಂದು, ನಿಮ್ಮ ವ್ಯೂಹದಲ್ಲಿ ಅವನಿಗೆ ಜಾಗವಿಲ್ಲದೆ ಬದಿಗೆ ನಿಲ್ಲಿಸಿದರೆ ಅರ್ಧ ಆಟಗಾರ ಮಾತ್ರ ಸಿಕ್ಕ ಹಾಗಾಯಿತು. ನಿಜವಾದ ಫುಟ್‌ಬಾಲ್‌ನಲ್ಲಿ ಇಂಥ ಕಟ್ಟು ಇಲ್ಲ. 1962ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ತಲೆಗೆ ಗಾಯವಾಗಿದ್ದ ಡಿಫೆಂಡರ್ ಜರ್ನೈಲ್ ಸಿಂಗ್‌ರನ್ನು ಕೋಚ್ ಸೈಯದ್ ಅಬ್ದುಲ್ ರಹೀಂ ಮುಂಚೂಣಿಗೆ ಕಳುಹಿಸಿದರು. ಅವರು ಫೈನಲ್‌ನಲ್ಲೂ ಗೋಲು ಹೊಡೆದರು, ಭಾರತ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಚಿನ್ನ ಗೆದ್ದಿತು. ಕಂಪ್ಯೂಟರಿಗೆ ಇಂಥ ಧೈರ್ಯದ ಲೆಕ್ಕ ಗೊತ್ತಿಲ್ಲ.

ಆದ್ದರಿಂದ ಮೊದಲು ವ್ಯೂಹ, ಆಮೇಲೆ ಅದರ ಖಾಲಿ ಜಾಗಕ್ಕೆ ತಕ್ಕ ಆಟಗಾರ. ಪ್ಯಾಕ್‌ನಲ್ಲಿ ಯಾರು ಬರುತ್ತಾರೆ ಎಂಬುದು ಅದೃಷ್ಟದ ಮಾತು ಎಂಬುದನ್ನೂ ಮನೆಯವರು ತಿಳಿದಿರಬೇಕು. ಬೆಲ್ಜಿಯಂ ದೇಶ 2018ರಲ್ಲಿ ಇಂಥ ಪೆಟ್ಟಿಗೆಗಳನ್ನು ಜೂಜಿನ ಕಾಯ್ದೆಯ ಅಡಿಗೆ ತಂದಿತು, 2019ರ ಜನವರಿಯಲ್ಲಿ ಅಲ್ಲಿ ಫಿಫಾ ಆಟದ ‘ಪಾಯಿಂಟ್’ ಮಾರಾಟ ನಿಂತಿತು.

ನಮ್ಮ ಜಿಲ್ಲೆಯ ಹುಡುಗರಿಗೆ ಒಂದು ವಿಶೇಷ ತೊಡಕಿದೆ. ಕೊಯ್ಲು ಮುಗಿದ ಗದ್ದೆಗಳಲ್ಲಿ ಅವರು ಆಡಿ ಬೆಳೆದದ್ದು ಸೆವೆನ್ಸ್. ಚಿಕ್ಕ ಮೈದಾನ, ಏಳು ಮಂದಿ, ಸಾಮಾನ್ಯವಾಗಿ ಆಫ್‌ಸೈಡ್ ಇಲ್ಲ. ಚೆಂಡು ಸಿಕ್ಕಿದೊಡನೆ ಗೋಲಿನತ್ತ ಹೊಡೆಯುವುದೇ ಅಲ್ಲಿಯ ಸೊಗಸು. ಹನ್ನೊಂದು ಮಂದಿಯ ತೆರೆಯ ಆಟದಲ್ಲಿ ಅದೇ ಅಭ್ಯಾಸ ಮುಂದುವರಿಸಿದರೆ ಸ್ಟ್ರೈಕರ್ ಮತ್ತೆಮತ್ತೆ ಆಫ್‌ಸೈಡ್ ಆಗುತ್ತಾನೆ. ಆದರೆ ಸೆವೆನ್ಸ್ ಆಡಿದವನಿಗೆ ಇಕ್ಕಟ್ಟಿನಲ್ಲಿ ಚಿಕ್ಕ ಪಾಸ್ ಕೊಡುವುದು ಚೆನ್ನಾಗಿ ಗೊತ್ತಿರುತ್ತದೆ. ಆ ಗುಣ ಇರುವವರಿಗೆ ನಡುವೆ ಜನ ಹೆಚ್ಚಿರುವ ವ್ಯೂಹ ಬೇಗ ಒಗ್ಗುತ್ತದೆ. ತನ್ನ ಕೈಗೆ ಯಾವುದು ಸಹಜ ಎಂದು ಮೊದಲು ನೋಡಿಕೊಳ್ಳಬೇಕು. ಯಾರೋ ದೊಡ್ಡ ಆಟಗಾರ ಯೂಟ್ಯೂಬ್‌ನಲ್ಲಿ ತೋರಿಸಿದ ವ್ಯೂಹ ಅವನ ಕೈಯ ವೇಗಕ್ಕೆ ಹೊಂದಿದ್ದು, ನಿಮ್ಮ ಕೈಗಲ್ಲ.

ಪರೀಕ್ಷಿಸುವ ಕ್ರಮ ಹೀಗಿರಲಿ. ಒಂದು ವ್ಯೂಹ ಹಿಡಿದು ಕನಿಷ್ಠ ಹತ್ತು ಪಂದ್ಯ ಆಡಬೇಕು, ಸೋತರೂ ಬಿಡಬಾರದು. ಪ್ರತಿ ಪಂದ್ಯ ಮುಗಿದ ಮೇಲೆ ಹಳೆಯ ನೋಟು ಪುಸ್ತಕದಲ್ಲಿ ಮೂರು ಸಾಲು ಬರೆಯಿರಿ: ನಾನು ಹೊಡೆದ ಗೋಲು ಎಡದಿಂದ ಬಂತೋ, ನಡುವಿನಿಂದಲೋ, ಬಲದಿಂದಲೋ, ಚೆಂಡು ಹೆಚ್ಚಾಗಿ ಎಲ್ಲಿ ಕಳೆದುಹೋಯಿತು, ನನಗೆ ಬಿದ್ದ ಗೋಲಿನ ಆರಂಭ ಎಲ್ಲಿ. ಮೂರನೆಯ ಸಾಲೇ ಹೆಚ್ಚು ಮುಖ್ಯ. ಹತ್ತರಲ್ಲಿ ಆರು ಗೋಲು ಒಂದೇ ಜಾಗದಿಂದ ಬಿದ್ದಿದ್ದರೆ ಇಡೀ ವ್ಯೂಹ ಕಿತ್ತುಹಾಕಬೇಡಿ. ಆ ಜಾಗದ ಒಬ್ಬನ ಸೂಚನೆ ಬದಲಿಸಿ ಮತ್ತೆ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಮಾಡಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು.

ಮೂಲ ವ್ಯೂಹ ಕೈಗೆ ಕೂತ ಮೇಲೆ ಎರಡನೆಯದೊಂದನ್ನು ಪಕ್ಕದಲ್ಲಿ ಇಟ್ಟುಕೊಳ್ಳಬಹುದು, ಒಂದು ಗೋಲಿನಿಂದ ಹಿಂದೆ ಬಿದ್ದು ಹದಿನೈದು ನಿಮಿಷ ಉಳಿದಾಗ ಬಳಸಲು. ಅದು ಮೂಲ ವ್ಯೂಹಕ್ಕೆ ಹತ್ತಿರದ್ದೇ ಇರಲಿ. 4-2-3-1 ಆಡುವವನು ಕಾವಲಿನ ಇಬ್ಬರಲ್ಲಿ ಒಬ್ಬನನ್ನು ತೆಗೆದು ಮುಂದೆ ಎರಡನೆಯ ಸ್ಟ್ರೈಕರನ್ನು ಹಾಕಿದರೆ ಸಾಕು, ಉಳಿದವರು ಇದ್ದಲ್ಲೇ ಇರುತ್ತಾರೆ. ಆಗ ಆಡುವವನ ಕಣ್ಣಿಗೂ ಬೆರಳಿಗೂ ಗಲಿಬಿಲಿಯಾಗುವುದಿಲ್ಲ.